ಕರಗದೆ ಉಳಿದ ಹರಳು

ಹಂದಿಯ ನೆಣ ಕಾಯುವ ವಾಸನೆ ಮೂಗಿಗೆ ಬಿದ್ದರೆ ಇಲ್ಕಾಳಿಗೆ ಈಗಲೂ ಅಜ್ಜಿಯ ಹಿತ್ತಿಲ ಅಡುಗೆಕೋಣೆ ಕಣ್ಣಮುಂದೆ ಬರುತ್ತಿತ್ತು. ನವೆಂಬರಿನ ಚಳಿಗೆ ಮಂಜು ಹಿಡಿದ ಕಿಟಕಿಗಾಜು, ಒಲೆಯ ಮೇಲೆ ಮಸಿಗಟ್ಟಿದ ದೊಡ್ಡ ಹಂಡೆ, ಅದರೊಳಗೆ ಹೆಬ್ಬೆರಳಷ್ಟು ತುಂಡು ಮಾಡಿ ಹಾಕಿದ ಬಿಳಿ ನೆಣ. ಅಜ್ಜಿ ಮರದ ಸೌಟು ಹಿಡಿದು ಒಲೆಯ ಪಕ್ಕದಿಂದ ಕದಲುತ್ತಿರಲಿಲ್ಲ. "ಉರಿ ಏರಿದ್ರೆ ಕರಕಲು, ಇಳಿದ್ರೆ ಹಸಿ. ಅವಸರ ಮಾಡಬಾರ್ದು ಪುಟ್ಟಿ," ಎನ್ನುತ್ತಿದ್ದಳು. ನೆಣ ಕರಗಿ ನೀರಿನಂತೆ ತಿಳಿಯಾಗುತ್ತಿತ್ತು. ಕರಗದ ಚೂರುಗಳು ಕಂದುಬಣ್ಣಕ್ಕೆ ತಿರುಗಿ ಮೇಲೆ ತೇಲುತ್ತಿದ್ದವು. ಹಿಂದಿನ ದಿನದವರೆಗೂ ಅದೆಲ್ಲ ರೋಜಿ ಎಂಬ ಹೆಸರಿನ ಹಂದಿಯಾಗಿತ್ತು. ಇಲ್ಕಾ ತನ್ನ ಕೈಯಾರೆ ಆಲೂಗಡ್ಡೆ ಸಿಪ್ಪೆ ತಿನ್ನಿಸಿದ ಹಂದಿ, ಅವಳ ಅಂಗೈ ನೆಕ್ಕಿದ ಹಂದಿ. ಮನೆಮಂದಿಯೆಲ್ಲ ಬ್ರೆಡ್ಡಿಗೆ ದಪ್ಪಗೆ ಸವರಿಕೊಂಡು, ಉಪ್ಪು ಉದುರಿಸಿಕೊಂಡು ತಿಂದರು. ಇಲ್ಕಾ ಹಿತ್ತಿಲ ಬಾಗಿಲಲ್ಲಿ ಕೂತು ವಾಂತಿ ಮಾಡಿಕೊಂಡಳು. ಅಜ್ಜಿ ಬೈಯಲಿಲ್ಲ. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ಯಾರೂ ನೋಡದ ಹಾಗೆ ಒಂದು ಸೇಬಿನ ಹೋಳು ಕೈಗಿಟ್ಟಳು.

ಅದೇ ವಾಸನೆ ಈಗ ಪ್ರಯೋಗಾಲಯದ ಕೋಣೆಯಲ್ಲಿ ಎದ್ದಿತ್ತು.

"ಡಬ್ಬಿ ಮುಚ್ಚು ಮಾರಾಯ. ಹೊಟ್ಟೆ ತೊಳೆಸ್ತಿದೆ," ಎಂದಳು ಇಲ್ಕಾ, ಮೂಗಿಗೆ ತೋಳು ಅಡ್ಡ ಹಿಡಿದು.

ಎದುರು ಮೇಜಿನ ಟೀಲೋ ಕೋಣೆಯ ಹೀಟರಿನ ಮೇಲೆ ಬಿಸಿಗಿಟ್ಟಿದ್ದ ತಗಡಿನ ಡಬ್ಬಿ ತೆಗೆಯುತ್ತಿದ್ದ. "ಅತ್ತೆ ಕಟ್ಟಿ ಕಳ್ಸಿದ್ದು. ತಿನ್ನಲ್ಲ ಅಂದ್ರೆ ಮಗಳನ್ನ ವಾಪಸ್ ಕರ್ಕೊಂಡು ಹೋಗ್ತೀನಿ ಅಂತಾರೆ."

"ಹೋಗ್ಲಿ ಬಿಡು. ಮೂಗಿದ್ದೋರಿಗೆ ಬಿಡುಗಡೆ."

"ಆಮೇಲೆ ನಂಗೆ ಅಡುಗೆ ನೀನು ಮಾಡ್ತೀಯಾ? ನಿನ್ನ ಆ ಪುಡಿ ಸೂಪು ಕುಡಿದು ಸಾಯೋದಕ್ಕಿಂತ ನೆಣ ತಿಂದು ಸಾಯ್ತೀನಿ," ಎಂದು ಟೀಲೋ ಎದ್ದು ಕಿಟಕಿ ತೆರೆದ. ಕೋಟು ಹಾಕಿಕೊಂಡು, ಟೋಪಿ ಎಳೆದುಕೊಂಡು, ಕಿಟಕಿಯ ಅಂಚಿಗೆ ಒರಗಿ ನಿಂತು ತಿನ್ನತೊಡಗಿದ. ಎರಡು ಚಳಿಗಾಲದಿಂದ ಅವನು ಮಾಡುತ್ತಿದ್ದುದು ಹೀಗೆಯೇ. ಬೈದರೆ ತಿರುಗಿ ಬೈಯುತ್ತಿದ್ದ. ಆದರೆ ವಾಸನೆ ಅವಳತ್ತ ಬಾರದ ಹಾಗೆ ಹಿಮಗಾಳಿಗೆ ಮೈಯೊಡ್ಡಿ ಊಟ ಮಾಡುತ್ತಿದ್ದ. ತೆರೆದ ಕಿಟಕಿಯ ಗಾಳಿ ಒಲೆಗೆ ತಾಗದಿರಲಿ ಎಂದು ರಟ್ಟಿನದೊಂದು ಮರೆಯನ್ನೂ ಕತ್ತರಿಸಿ ನಿಲ್ಲಿಸಿದ್ದ. ಅದು ಅವನ ಮಗಳು ಫ್ರೀಡಾಳ ಬೂಟಿನ ಪೆಟ್ಟಿಗೆಯ ಮುಚ್ಚಳ. ಅದರ ಮೇಲೆ ಮಗು ಮೇಣದ ಬಳಪದಲ್ಲಿ ಬರೆದ ಹಳದಿ ಸೂರ್ಯ ಹಲ್ಲು ಕಿರಿದು ನಗುತ್ತಿತ್ತು.

ಒಲೆ ಎಂದರೆ ನಿಜವಾದ ಒಲೆಯಲ್ಲ. ಸೂಕ್ಷ್ಮದರ್ಶಕದ ಕೆಳಗೆ ಕೂರಿಸಿದ, ಬೆಂಕಿಪೊಟ್ಟಣದಷ್ಟು ಅಗಲದ ಬಿಸಿ ತಟ್ಟೆ. ಅದನ್ನು ಒಲೆ ಎಂದೇ ಎಲ್ಲರೂ ಕರೆಯುತ್ತಿದ್ದರು.

ಅವರ ಕೆಲಸ ಹೊರಗಿನವರಿಗೆ ಹೇಳಿದರೆ ಹುಚ್ಚೆನಿಸುವಂಥದು. ಉಗುರಿನಷ್ಟು ಅಗಲದ ಸಿಲಿಕಾನ್ ಚೂರಿನ ಮೇಲೆ ಪಾಲಿಮರ್ ದ್ರಾವಣದ ಒಂದು ಹನಿ ಬಿಟ್ಟು ಗಿರ್ರನೆ ತಿರುಗಿಸಿದರೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪೊರೆ ಉಳಿಯುತ್ತದೆ. ಪಾಲಿಮರ್ ಎಂದರೆ ಸಿಕ್ಕುಗಟ್ಟಿದ ಉದ್ದುದ್ದ ದಾರಗಳ ರಾಶಿ. ನೀಟಾಗಿ ಮಡಿಚಿಕೊಂಡು ಹರಳಾಗುವ ಬುದ್ಧಿ ಅವಕ್ಕೆ ಕಡಿಮೆ. ತಮ್ಮ ಪಾಡಿಗೆ ಬಿಟ್ಟರೆ ಪೊರೆಯ ತುಂಬ ಸಾವಿರಾರು ಪುಟ್ಟ ಹರಳುಗಳು ಕಿಟಕಿಗಾಜಿನ ಹಿಮದಂತೆ ಮುತ್ತಿಕೊಂಡು, ಒಂದಕ್ಕೊಂದು ಅಡ್ಡ ಬಂದು ನಿಂತುಬಿಡುತ್ತವೆ. ದೊಡ್ಡದೊಂದು ಬೇಕೆಂದರೆ ಅವನ್ನೆಲ್ಲ ಮತ್ತೆ ಕಾಯಿಸಬೇಕು. ನಿಧಾನವಾಗಿ, ಕೂದಲೆಳೆಯಷ್ಟೇ ಕಾವು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಹೆಚ್ಚುಕಡಿಮೆ ಎಲ್ಲವೂ ಕರಗಿ, ಎಲ್ಲೋ ಒಂದೆರಡು ಗಟ್ಟಿ ಚೂರು ಮಾತ್ರ ಉಳಿಯುತ್ತವೆ. ಅಲ್ಲಿಗೆ ನಿಲ್ಲಿಸಿ, ಕಾವನ್ನು ತುಸು ಇಳಿಸಿ, ವಾರಗಟ್ಟಲೆ ಕಾದರೆ, ಉಳಿದ ಚೂರು ಸುತ್ತಲಿನ ಕರಗಿದ್ದನ್ನೆಲ್ಲ ತನ್ನತ್ತ ಎಳೆದುಕೊಂಡು ಆರು ಮೂಲೆಯ ಬಿಲ್ಲೆಯಾಗಿ ಬೆಳೆಯುತ್ತದೆ. ಕಾವು ಒಂದಿಷ್ಟು ಮೀರಿತೋ, ಆ ಚೂರೂ ಕರಗಿ ಪೊರೆ ಎಲ್ಲವನ್ನೂ ಮರೆತುಬಿಡುತ್ತದೆ. ಮತ್ತೆ ಮೊದಲಿನಿಂದ.

ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಹರಳು ಬೆಳೆಸಬೇಕೆಂಬುದು ಪ್ರೊಫೆಸರ್ ಲಾಡೆವಿಗ್ ಅವರ ಆಸೆ. ಆ ಒಂದೇ ಕೆಲಸವನ್ನು ಅವರು ಇಲ್ಕಾ ಹೆನ್ನಿಕೆಗೂ ಟೀಲೋ ಹೇಡ್ರಿಶ್‌ಗೂ ಕೊಟ್ಟಿದ್ದರು. ಕಾವು ಕದಲದ ಒಲೆ ಇದ್ದದ್ದು ಒಂದೇ. ಒಂದು ತಿಂಗಳು ಇವಳದು, ಒಂದು ತಿಂಗಳು ಅವನದು. ಯಾರ ಚೂರು ಒಲೆಯ ಮೇಲಿದೆಯೋ ಅವರು ತಮ್ಮದೊಂದು ಗುರುತನ್ನು ಅದರ ತಿರುಪಿಗೆ ತೂಗುಹಾಕಬೇಕು. ತೂಗಿರುವಷ್ಟು ದಿನ ಮತ್ತೊಬ್ಬರು ಅದನ್ನು ಮುಟ್ಟುವಂತಿಲ್ಲ. ಬರೆದಿಟ್ಟ ನಿಯಮವಲ್ಲ, ಹಳಬರ ಕಾಲದಿಂದ ನಡೆದುಬಂದದ್ದು. ಇಲ್ಕಾಳದು ಹಸಿರು ಹೇರ್‌ಬ್ಯಾಂಡು. ಟೀಲೋನದು ಫ್ರೀಡಾ ಎಳೆಗೂಸಾಗಿದ್ದಾಗಿನ ಕೆಂಪು ಉಣ್ಣೆಯ ಕಾಲುಚೀಲ, ಒಂದೇ ಒಂದು.

ಮೊದಲ ದಿನವೇ ಪ್ರೊಫೆಸರ್ ನಗುನಗುತ್ತ ಹೇಳಿದ್ದರು: "ಖಾಯಂ ಕೆಲ್ಸ ಇರೋದು ಒಂದೇ. ನಾನೇನೂ ಮುಚ್ಚುಮರೆ ಮಾಡಲ್ಲ. ಸ್ವಲ್ಪ ಕಾವು ಕೊಡ್ತೀನಿ. ಯಾರು ಉಳೀತಾರೋ ಅವರು ಬೆಳೀತಾರೆ." ಆಗ ಇಬ್ಬರೂ ನಕ್ಕಿದ್ದರು. ಪ್ರೊಫೆಸರ್ ಕೆಟ್ಟ ಮನುಷ್ಯರಾಗಿ ಕಂಡಿರಲಿಲ್ಲ. ಎಲ್ಲರ ಹುಟ್ಟುಹಬ್ಬ ನೆನಪಿಟ್ಟು ಹೆಂಡತಿ ಬೇಯಿಸಿದ ಪ್ಲಮ್ ಕೇಕ್ ತರುತ್ತಿದ್ದರು, ತಾವೇ ಕೊಯ್ದು ಹಂಚುತ್ತಿದ್ದರು.

ಟೀಲೋ ಕೊನೆಯ ತುತ್ತು ನುಂಗಿ, ಕಿಟಕಿ ಮುಚ್ಚಿ, ಡಬ್ಬಿಯನ್ನು ಕೋಟಿನ ಅಂಚಿನಿಂದ ಒರೆಸಿದ. ಆಮೇಲೆ ಸುಮ್ಮನೆ ಮಾತಿಗೆ ಹೇಳುವವನಂತೆ ಹೇಳಿದ: "ಬೆಳಿಗ್ಗೆ ಪ್ರೊಫೆಸರ್ ಒಳಗೆ ಕರೆದಿದ್ರು. ಡಿಸೆಂಬರಿಗೆ ನಂದು ಮುಗೀತಂತೆ. ಮುಂದಿನ ಶುಕ್ರವಾರ ಹಣ ಕೊಡೋ ಸಮಿತಿ ಬರುತ್ತಲ್ಲ, ಅವರಿಗೆ ನಿನ್ನ ಹೆಸರು ಕಳಿಸಿಯಾಗಿದೆಯಂತೆ."

ಇಲ್ಕಾ ಕೈಯಲ್ಲಿದ್ದ ಪೆನ್ಸಿಲು ಕೆಳಗಿಟ್ಟು ಅವನತ್ತ ತಿರುಗಿದಳು.

"ಮುಖ ಹಾಗೆ ಮಾಡ್ಬೇಡ. ನೆಣದ ವಾಸನೆ ಇನ್ಮೇಲೆ ಇರಲ್ಲ, ಖುಷಿಪಡು," ಎಂದ ಟೀಲೋ. ನಾಲ್ಕಾಗುತ್ತಿತ್ತು, ಮಗುವನ್ನು ಶಿಶುಮನೆಯಿಂದ ಕರೆತರುವ ಹೊತ್ತು. ಹೋಗುವ ಮುಂಚೆ ಒಲೆಯ ಹತ್ತಿರ ಬಗ್ಗಿ ಒಳಗಿದ್ದ ತನ್ನ ಚೂರಿಗೆ ಹೇಳಿದ: "ಸೋಮವಾರದ ತನಕ ನಿನ್ನ ಟೈಮು. ಸೋಮಾರಿ, ಬೆಳಿ."

ಸೋಮವಾರ ಒಲೆ ಇಲ್ಕಾಳದಾಗಬೇಕಿತ್ತು. ಹೊಸ ಪೊರೆ ಹಚ್ಚಿದ ಚೂರನ್ನು ಪುಟ್ಟ ಡಬ್ಬಿಯಲ್ಲಿಟ್ಟುಕೊಂಡು ಅವಳು ಬಂದಾಗ ಪ್ರೊಫೆಸರ್ ಆಗಲೇ ಅವಳ ಕುರ್ಚಿಯಲ್ಲಿ ಕೂತಿದ್ದರು. ಮೇಜಿನ ಮೇಲೆ ಎರಡು ಗಾಜಿನ ಲೋಟ, ಒಂದು ಬಾಟಲಿ ನೊರೆ ವೈನು. ಒಲೆಯ ತಿರುಪಿನಲ್ಲಿ ಕೆಂಪು ಕಾಲುಚೀಲ ಇರಲಿಲ್ಲ. ಇಲ್ಕಾಳ ಹಸಿರು ಹೇರ್‌ಬ್ಯಾಂಡು ತೂಗುತ್ತಿತ್ತು.

"ಬನ್ನಿ, ಬನ್ನಿ. ನೋಡಿ," ಎಂದರು.

ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಆರು ಮೂಲೆಯ ಹರಳು, ಒಂದು ಅಂಚೂ ಮುಕ್ಕಾಗದ ಹರಳು ಹೊಂಬಣ್ಣದಲ್ಲಿ ಮಲಗಿತ್ತು. ನೋಟದ ಹರವಿಗೆ ಅದು ಹಿಡಿಸುತ್ತಲೇ ಇರಲಿಲ್ಲ. ಕಣ್ಣೆತ್ತಿ ಒಲೆಯ ಗಾಜಿನ ಕಿಂಡಿಯಿಂದ ಬರಿಗಣ್ಣಲ್ಲೇ ನೋಡಿದಳು. ಬೂದು ಚೂರಿನ ನಡುವೆ ಗಸಗಸೆ ಕಾಳಿನಷ್ಟು ಒಂದು ಮಿನುಗು. ಎರಡು ಚಳಿಗಾಲ ಕಾದದ್ದು ಇದಕ್ಕೆ. ಮತ್ತೆ ಕಣ್ಣಿಟ್ಟು ಚೂರನ್ನು ಮೆಲ್ಲಗೆ ಸರಿಸುತ್ತ ಹೋದಾಗ ಬಲ ಮೂಲೆಯಲ್ಲಿ ವಜ್ರದ ಮೊನೆಯಿಂದ ಗೀರಿದ ಪುಟ್ಟ ಗೆರೆ ಕಂಡಿತು. ಟೀಲೋ ತನ್ನ ಚೂರಿಗೆಲ್ಲ ಹಾಕುತ್ತಿದ್ದ ಗೆರೆ.

"ಇದು ಟೀಲೋದು," ಎಂದಳು.

"ಡಿಪಾರ್ಟ್‌ಮೆಂಟಿಂದು," ಎಂದರು ಪ್ರೊಫೆಸರ್ ಮೆತ್ತಗೆ. "ನಿನ್ನೆ ಭಾನುವಾರ ಸುಮ್ನೆ ಬಂದು ನೋಡಿದೆ. ಶುಕ್ರವಾರ ಚುಕ್ಕೆಯಷ್ಟಿದ್ದದ್ದು ಎರಡೇ ದಿನಕ್ಕೆ ಹೀಗೆ ಬೆಳೆದಿತ್ತು, ಕಣ್ಣು ನಂಬಲಿಲ್ಲ ನಂದು."

"ಹಾಗಾದ್ರೆ ಅವನಿಗೇ ಕೆಲಸ..."

"ಕೂತ್ಕೊಳ್ಳಿ ಫ್ರಾವ್ ಹೆನ್ನಿಕೆ. ಸಮಿತಿಗೆ ಹೋಗಿರೋದು ನಿಮ್ಮ ಹೆಸರು. ಹೆಸರು ಒಬ್ಬರದು, ಹರಳು ಇನ್ನೊಬ್ಬರದು ಅಂದ್ರೆ ಎರಡೂ ಹೋಗುತ್ತೆ. ಹಣಾನೂ, ನಿಮ್ಮ ಕೆಲ್ಸಾನೂ. ಅವನಿಗೆ ಮನೇಲಿ ಮಗು. ನಾಲ್ಕು ಹೊಡೆದ್ರೆ ಓಡ್ತಾನೆ. ಒಳ್ಳೆ ಹುಡುಗ, ಆದರೆ ಕಾವು ತಡೆಯೋನಲ್ಲ. ಕಂಟ್ರೋಲರ್ ಕೆಟ್ಟು ಕಾವು ಏರಿತು, ಚೂರು ಕರಗಿಹೋಯ್ತು ಅಂತ ಫೋನ್ ಮಾಡಿ ಹೇಳಿದ್ದೀನಿ. 'ಹೌದಾ' ಅಂದ, ಅಷ್ಟೆ. ಯಾರಿಗೂ ನಷ್ಟ ಇಲ್ಲ ಇದರಲ್ಲಿ."

ಅವರು ಬಾಟಲಿಯ ಬಿರಡೆ ತಿರುವುತ್ತಲೇ ಮಾತಾಡಿದರು. "ದೇಶಾನ ಎರಡು ಮಾಡಿದ್ದ ಗೋಡೆ ಬಿದ್ದ ಮೇಲೆ ನಮ್ಮ ಹಳೇ ಸಂಸ್ಥೆ ಮುಚ್ಚಿದ್ರಲ್ಲ, ಆಗ ಕಾರಿಡಾರ್ ತುಂಬ ಜನ ಇದ್ವಿ. ನನಗಿಂತ ಬುದ್ಧಿವಂತರಿದ್ರು. ಒಬ್ಬ ಈಗ ಹುಲ್ಲು ಕತ್ತರಿಸೋ ಮಷೀನ್ ರಿಪೇರಿ ಮಾಡ್ತಾನೆ. ಇನ್ನೊಬ್ಬ ಕುಡಿದು ಸತ್ತ. ನಾನು ಉಳಿದೆ. ಯಾಕೆ ಅಂತ ಯಾರಾದ್ರೂ ಕೇಳಿದ್ರಾ? ಉಳಿದೋರನ್ನ ಯಾರೂ ಕೇಳಲ್ಲ." ಲೋಟವನ್ನು ಅವಳ ಕೈಗಿಟ್ಟರು. "ನಾನು ಗೆರ್ನೋಟ್. ಇನ್ಮೇಲೆ ಪ್ರೊಫೆಸರ್, ನೀವು, ತಾವು ಎಲ್ಲ ಬೇಡ. ನೀನು ಅಂದ್ರೆ ಸಾಕು."

ಅದು ಹಿರಿಯರು ತಾವಾಗಿ ಕೊಡುವ ಸಲಿಗೆ. ಕೊಟ್ಟರೆ ಲೋಟಕ್ಕೆ ಲೋಟ ತಾಗಿಸಿ ಕುಡಿಯಬೇಕು, ಬೇಡವೆನ್ನುವ ರೂಢಿಯಿಲ್ಲ. ಇಲ್ಕಾ ತಾಗಿಸಿದಳು, ಕುಡಿದಳು. ಬೆಳಗಿನ ಖಾಲಿ ಹೊಟ್ಟೆಗೆ ವೈನು ಹುಳಿಹುಳಿಯಾಗಿ ಇಳಿಯಿತು. "ಸರಿ, ಗೆರ್ನೋಟ್," ಎಂದಿತು ಅವಳ ಬಾಯಿ. ಅಂದಮೇಲೆ, ಬೇರೆಯವರು ಜಗಿದ ತುತ್ತು ನಾಲಿಗೆಯ ಮೇಲೆ ಉಳಿದ ಹಾಗೆ ಅನ್ನಿಸಿತು. ಅವರು ಹೋದ ಮೇಲೆ ಮೇಜಿನ ಖಾನೆ ಎಳೆದು ನೋಡಿದಳು. ಪೆನ್ಸಿಲು, ರಬ್ಬರುಗಳ ನಡುವೆ ಕೆಂಪು ಕಾಲುಚೀಲ ಮುದುಡಿ ಬಿದ್ದಿತ್ತು. ಖಾನೆ ಮುಚ್ಚಿದಳು.

ಆ ವಾರವೆಲ್ಲ ಅವಳು ಹರಳಿನ ಕಾವಲು ಕಾದಳು. ಒಳಗೊಳಗೇ ಲೆಕ್ಕ ಹಾಕಿದಳು: ಟೀಲೋ ಹೇಗೂ ಹೋಗುವವನು, ನಾನು ಬಾಯಿಬಿಟ್ಟರೆ ಇಬ್ಬರೂ ಹೋಗುತ್ತೇವೆ, ಅಷ್ಟೇ ಲಾಭ. ಪ್ರತಿ ದಿನವೂ ಲೆಕ್ಕ ಸರಿಯಾಗಿಯೇ ಬರುತ್ತಿತ್ತು, ಪ್ರತಿ ದಿನವೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಹರಳು ಬೆಳೆಯುತ್ತಲೇ ಇತ್ತು. ಅದರ ಸುತ್ತ ಒಂದು ಕಪ್ಪು ಉಂಗುರ ಕಾಣತೊಡಗಿತ್ತು: ಕರಗಿದ್ದನ್ನೆಲ್ಲ ಹರಳು ಎಳೆದುಕೊಂಡು ಸುತ್ತಲಿನ ಜಾಗ ಬರಿದಾಗಿತ್ತು. ಹರಳು ಹಿಗ್ಗಿದಷ್ಟೂ ಉಂಗುರ ಹಿಗ್ಗುತ್ತಿತ್ತು. ಈ ಉಂಗುರವನ್ನು ಅವಳು ಎಷ್ಟೋ ಸಲ ಕಂಡವಳೇ. ಮೆಚ್ಚಿ ಚಿತ್ರ ತೆಗೆದವಳೇ. ಈಗ ಅದನ್ನು ನೋಡಿದರೆ ನೆಕ್ಕಿ ಬರಿದು ಮಾಡಿದ ತಟ್ಟೆ ಕಂಡಂತಾಗಿ ಕಣ್ಣು ತೆಗೆದುಬಿಡುತ್ತಿದ್ದಳು.

ಬುಧವಾರ ಟೀಲೋ ತನ್ನ ಪುಸ್ತಕಗಳನ್ನು ಒಯ್ಯಲು ಬಂದ. ಶೀತ ಹಿಡಿದು ಮೂಗು ಕೆಂಪಾಗಿತ್ತು. ಫ್ರೀಡಾಗೆ ಜ್ವರ ಬಂದಿತ್ತಂತೆ, ಈಗ ಪರವಾಗಿಲ್ಲವಂತೆ. ತಿರುಪಿನಲ್ಲಿದ್ದ ಹೇರ್‌ಬ್ಯಾಂಡನ್ನು ನೋಡಿ, "ನಿಂದು ಶುರುವಾಯ್ತಾ?" ಎಂದ.

"ಹೂಂ."

"ಹೇಗೆ ಬರ್ತಿದೆ?"

"ಪರವಾಗಿಲ್ಲ."

"ನೋಡಲಾ?"

ಇಲ್ಕಾಳ ಕೈ ತಾನಾಗಿಯೇ ಸೂಕ್ಷ್ಮದರ್ಶಕದ ಮುಂದೆ ಹೋಯಿತು. "ಬೇಡ. ಈಗ ಮುಟ್ಟಿದ್ರೆ ಅಲ್ಲಾಡುತ್ತೆ."

"ಸರಿ, ಸರಿ. ಬಸುರಿ ಥರ ನೋಡ್ಕೋ," ಎಂದು ಟೀಲೋ ನಕ್ಕ. ಅವನಿಗೆ ಅನುಮಾನವೇ ಬರಲಿಲ್ಲ. ರಟ್ಟಿನ ಮರೆ ಒಂದು ಕಡೆ ವಾಲಿರುವುದನ್ನು ಕಂಡು ಬಂದು ನೆಟ್ಟಗೆ ಮಾಡಿದ. ಸೂರ್ಯನ ಮುಖ ಒಲೆಯ ಕಡೆಗಿರುವಂತೆ ತಿರುಗಿಸಿಟ್ಟ. "ಈ ಕಿಟಕಿ ಸಂದಿ ಇಂದ ಗಾಳಿ ನುಗ್ಗುತ್ತೆ ನೋಡು. ನಂದೂ ಅದ್ರಿಂದಲೇ ಕೆಟ್ಟಿತೋ ಏನೋ. ಪ್ರೊಫೆಸರ್ ಕಂಟ್ರೋಲರ್ ಅಂತಾರೆ, ಚಳಿಗಾಳಿ ತಾಗಿದ್ರೆ ಅದು ಕಾವು ಏರಿಸಿಬಿಡುತ್ತಲ್ಲ. ನಾನು ಶುಕ್ರವಾರ ಅವಸರದಲ್ಲಿ ಮರೆ ಸರಿಯಾಗಿ ಇಟ್ಟಿರಲಿಲ್ಲ ಅಂತ ಕಾಣುತ್ತೆ. ರಾತ್ರಿ ಎಲ್ಲಾ ಅದೇ ಯೋಚನೆ. ಹೋಗ್ಲಿ ಬಿಡು. ನಂದು ಕರಗ್ತು, ನಿಂದಾದ್ರೂ ಉಳೀಲಿ."

ಅವನು ಪುಸ್ತಕದ ಕಟ್ಟು ಎತ್ತಿಕೊಂಡು, ಬಾಗಿಲನ್ನು ಭುಜದಿಂದ ತಳ್ಳಿ ಹೋದ. ಒಲೆ ನಡುಗದಿರಲೆಂದು ಬಾಗಿಲನ್ನು ಹೊರಗಿನಿಂದ ಕಾಲಲ್ಲಿ ತಡೆದು ಮೆಲ್ಲಗೆ ಮುಚ್ಚಿದ. ಇಲ್ಕಾ ಕಕ್ಕಸಿಗೆ ಹೋಗಿ ಕುಡಿದ ಕಾಫಿಯನ್ನೆಲ್ಲ ಕಾರಿಕೊಂಡಳು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳದೆ ಕೈ ತೊಳೆದು ಬಂದಳು. ಬಂದು, ಮತ್ತೆ ಕಾವಲು ಕೂತಳು. ಅಂದೂ ಏನೂ ಹೇಳಲಿಲ್ಲ, ಮಾರನೆಯ ದಿನವೂ ಹೇಳಲಿಲ್ಲ.

ಶುಕ್ರವಾರ ಸಮಿತಿಯವರು ಬಂದರು. ಇಬ್ಬರು ಗಂಡಸರು, ಜೊತೆಗೆ ಡಾಕ್ಟರ್ ಓಸ್ಟರ್ಲೋ ಎಂಬ ಹಿರಿಯ ಹೆಂಗಸು. ಆಕೆ ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವಿಕೊಂಡು, ಒದ್ದೆ ನೆಲ ಕಂಡು, "ಒರೆಸೋ ಬಟ್ಟೆ ಎಲ್ಲಿದೆ? ನಾನೇ ಒರೆಸ್ತೀನಿ," ಎಂದಳು. ಪ್ರೊಫೆಸರ್ ನಗುತ್ತ ತಡೆದರು. ಪಕ್ಕದ ಉಗ್ರಾಣದಲ್ಲಿ ಟೀಲೋ ಕೊನೆಯ ಪೆಟ್ಟಿಗೆ ಕಟ್ಟುತ್ತಿದ್ದ. ಅಂಟುಪಟ್ಟಿ ಎಳೆಯುವ ಸದ್ದು ತೆಳ್ಳನೆಯ ಗೋಡೆಯಾಚೆಯಿಂದ ಕೇಳುತ್ತಿತ್ತು. ಅವನ ತಗಡಿನ ಡಬ್ಬಿ ಇಲ್ಲೇ ಹೀಟರಿನ ಮೇಲಿತ್ತು. ಉಗ್ರಾಣದಲ್ಲಿ ಹೀಟರಿರಲಿಲ್ಲ. ಬೆಚ್ಚಗಾಗುತ್ತಿದ್ದ ನೆಣದ ವಾಸನೆ ಮೆಲ್ಲಗೆ ಕೋಣೆಯನ್ನು ತುಂಬುತ್ತಿತ್ತು.

ಪ್ರೊಫೆಸರ್ ಚೆನ್ನಾಗಿ ಮಾತಾಡಿದರು. ಇಲ್ಕಾಳ ಬೆನ್ನ ಮೇಲೆ ಕೈಯಿಟ್ಟು, "ನಮ್ಮ ಇಲ್ಕಾಳ ತಾಳ್ಮೆ ಇದು," ಎಂದರು. ಆ ಕೈ ಬೆಚ್ಚಗಿತ್ತು, ತುಸು ಒದ್ದೆಯಾಗಿತ್ತು. ಇಬ್ಬರು ಗಂಡಸರೂ ಒಬ್ಬರಾದ ಮೇಲೊಬ್ಬರು ಕಣ್ಣಿಟ್ಟು ನೋಡಿ ತಲೆದೂಗಿದರು.

"ಸುತ್ತ ಇರೋ ಈ ಕಪ್ಪು ಉಂಗುರ ಏನು?" ಎಂದು ಒಬ್ಬರು ಕೇಳಿದರು.

"ಅದರ ಊಟ," ಎಂದರು ಪ್ರೊಫೆಸರ್. "ಅಕ್ಕಪಕ್ಕದೋರನ್ನೆಲ್ಲ ತಿಂದು ಮುಗಿಸಿದೆ. ದೊಡ್ಡೋರಾಗೋದು ಅಂದ್ರೆ ಹಾಗೇ ಅಲ್ವಾ?"

ಗಂಡಸರು ನಕ್ಕರು. ಇಲ್ಕಾಳ ಬಾಯಲ್ಲಿ ನೀರೂರಿತು, ವಾಂತಿಗೆ ಮುಂಚೆ ಊರುವ ಆ ತೆಳು ಉಪ್ಪುನೀರು. ಅವಳು ಹಲ್ಲು ಕಚ್ಚಿ ನಿಂತಳು. ವಾಸನೆ ಡಬ್ಬಿಯಿಂದ ಬರುತ್ತಿದೆಯೋ ತನ್ನ ಮೈಯಿಂದಲೇ ಬರುತ್ತಿದೆಯೋ ಅವಳಿಗೆ ತಿಳಿಯದಾಯಿತು.

ಡಾಕ್ಟರ್ ಓಸ್ಟರ್ಲೋ ಕೊನೆಯವಳಾಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಕ ಹಾಕಿಕೊಳ್ಳುತ್ತ, ರಟ್ಟಿನ ಮರೆಯ ಮೇಲಿನ ಹಳದಿ ಸೂರ್ಯನನ್ನು ಕಂಡು ಅವಳ ಮುಖ ಅರಳಿತು. "ಇದು ಚೆನ್ನಾಗಿದೆ. ಗಾಳಿಗೆ ಅಡ್ಡ ಅಲ್ವಾ? ನಿಮ್ಮ ಮಗು ಬರೆದಿದ್ದಾ?"

ಅವಳು ಬೇರೆ ಏನಾದರೂ ಕೇಳಿದ್ದರೆ ಇಲ್ಕಾ ಉತ್ತರ ಹೇಳಿಬಿಡುತ್ತಿದ್ದಳು. ಕಾವು ಎಷ್ಟು, ಪೊರೆಯ ದಪ್ಪ ಎಷ್ಟು, ಎಲ್ಲಕ್ಕೂ ಉತ್ತರ ಬಾಯಿಪಾಠವಾಗಿತ್ತು.

"ಅಲ್ಲ," ಎಂದಳು. "ನಂಗೆ ಮಕ್ಕಳಿಲ್ಲ."

"ಮತ್ತೆ?"

ಪ್ರೊಫೆಸರ್ ಗಂಟಲು ಸರಿಮಾಡಿಕೊಂಡರು. "ಯಾರೋ ತಂದಿಟ್ಟಿದ್ದು. ಬನ್ನಿ, ಕಾಫಿ ಆರುತ್ತೆ."

ಇಲ್ಕಾ ಮೇಜಿನ ಖಾನೆ ಎಳೆದಳು. ಅವಸರದಲ್ಲಿ ಖಾನೆ ಪೂರ್ತಿ ಹೊರಬಂದು ಪೆನ್ಸಿಲುಗಳು ನೆಲದ ಮೇಲೆ ಉರುಳಿದವು. ಕೆಂಪು ಕಾಲುಚೀಲವನ್ನು ತೆಗೆದು, ಒಲೆಯ ತಿರುಪಿನಿಂದ ತನ್ನ ಹೇರ್‌ಬ್ಯಾಂಡು ಕಿತ್ತು, ಅದರ ಜಾಗಕ್ಕೆ ಕಾಲುಚೀಲ ಸಿಕ್ಕಿಸಿದಳು. ಎರಡು ಸಲ ಜಾರಿತು.

"ಇಲ್ಲಿ ಯಾರ ಚೂರು ಒಲೆ ಮೇಲಿರುತ್ತೋ ಅವರ ಗುರುತು ಇಲ್ಲಿರ್ಬೇಕು. ಇದು ಟೀಲೋ ಹೇಡ್ರಿಶ್ ಅವರ ಗುರುತು. ಅವರ ಮಗಳದ್ದು ಈ ಕಾಲುಚೀಲ, ಆ ಸೂರ್ಯಾನೂ ಅವಳೇ ಬರೆದಿದ್ದು. ಹರಳು ಅವರು ಬೆಳೆಸಿದ್ದು. ನಾನು ಐದು ದಿನ ಪಕ್ಕದಲ್ಲಿ ಕೂತಿದ್ದೆ, ಅಷ್ಟೆ. ಅವರಿಗೆ... ಅವರಿಗೆ ಇದು ಕರಗಿಹೋಯ್ತು ಅಂತ ಹೇಳಿಯಾಗಿದೆ."

ಗೋಡೆಯಾಚೆ ಅಂಟುಪಟ್ಟಿಯ ಸದ್ದು ನಿಂತಿತು.

ಗಂಡಸರಿಬ್ಬರೂ ತಮ್ಮ ಬೂಟುಗಳನ್ನು ನೋಡಿಕೊಂಡರು. ಡಾಕ್ಟರ್ ಓಸ್ಟರ್ಲೋ ಮಾತ್ರ ಬಗ್ಗಿ ನೆಲದ ಮೇಲಿದ್ದ ಪೆನ್ಸಿಲುಗಳನ್ನು ಒಂದೊಂದಾಗಿ ಆಯ್ದು ಮೇಜಿನ ಮೇಲಿಟ್ಟಳು. "ಹೇಡ್ರಿಶ್," ಎಂದು ಹೆಸರನ್ನು ತಿರುಗಿ ಹೇಳಿಕೊಂಡಳು. ಅಷ್ಟೇ. ಆಮೇಲೆ ಅವರೆಲ್ಲ ಕಾಫಿಗೆ ಹೋದರು, ಕಾಫಿಯಿಂದ ಹಾಗೆಯೇ ಕಾರಿನ ಕಡೆಗೆ ಹೋದರು.

ಅವರನ್ನು ಬೀಳ್ಕೊಟ್ಟು ಬಂದ ಪ್ರೊಫೆಸರ್ ಬಾಗಿಲ ಚೌಕಟ್ಟಿನಲ್ಲೇ ನಿಂತರು. ಮುಖ ಬೂದಿ ಬಳಿದಂತಾಗಿತ್ತು. ಅವರು ಕೂಗಾಡಿದ್ದರೆ ಇಲ್ಕಾಗೆ ಸುಲಭವಾಗುತ್ತಿತ್ತು.

"ಹಣ ಬರುತ್ತೋ ಇಲ್ವೋ, ಈಗ ನಂಗೊತ್ತಿಲ್ಲ," ಎಂದರು. "ಅವನೂ ಹೋಗ್ಬಹುದು, ನೀವೂ ಹೋಗ್ಬಹುದು, ನಾನೂ ಹೋಗ್ಬಹುದು. ಇದರಿಂದ ಯಾರಿಗೆ ಏನು ಸಿಕ್ತು ಹೇಳಿ ಫ್ರಾವ್ ಹೆನ್ನಿಕೆ?"

ಸಲಿಗೆ ಹೋಗಿ 'ನೀವು' ತಿರುಗಿ ಬಂದಿತ್ತು. ಅದೊಂದರಿಂದ ಅವಳಿಗೆ ಬಾಯಿ ಮುಕ್ಕಳಿಸಿದಷ್ಟು ಹಾಯೆನಿಸಿತು. "ಗೊತ್ತಿಲ್ಲ ಪ್ರೊಫೆಸರ್," ಎಂದಳು. ಅವರು ಸ್ವಲ್ಪ ಹೊತ್ತು ಒಲೆಯ ಕಡೆ ನೋಡಿ, ಕಾಲುಚೀಲವನ್ನು ಮುಟ್ಟದೆ, ಹೊರಟುಹೋದರು. ಅವರು ಗೆದ್ದಿದ್ದರೂ ಸೋತಿದ್ದರೂ ಆ ನಡಿಗೆ ಅದೇ ಇರುತ್ತಿತ್ತೇನೋ. ಕಾರಿಡಾರಿನ ಗೋಡೆ ಸವರಿಕೊಂಡು ಹೋಗುವ ನಡಿಗೆ.

ಅವರ ಹೆಜ್ಜೆಸದ್ದು ಅಡಗಿದ ಮೇಲೆ ಟೀಲೋ ಒಳಗೆ ಬಂದ. ಇಲ್ಕಾಳನ್ನು ನೋಡಲಿಲ್ಲ. ನೇರವಾಗಿ ಒಲೆಯ ಬಳಿ ಹೋಗಿ, ಸ್ಟೂಲು ಎಳೆದುಕೊಂಡು, ಕಣ್ಣಿಟ್ಟ. ಅವನ ಬೆನ್ನು ಮಾತ್ರ ಅವಳಿಗೆ ಕಾಣುತ್ತಿತ್ತು. ಹೊರಗೆ ಬೆಳಕು ಇಳಿಯುತ್ತಿತ್ತು, ನದಿಯ ಕಡೆಯಿಂದ ಟ್ರಾಮಿನ ಗಂಟೆ ಕೇಳಿತು. ಕಣ್ಣು ತೆಗೆಯದೆಯೇ ಕೇಳಿದ:

"ಸೋಮವಾರದಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಬುಧವಾರ ನಾನು ಬಂದಾಗ?"

"ಗೊತ್ತಿತ್ತು."

"ನಾನು ಇಲ್ಲಿ ನಿಂತ್ಕೊಂಡು ಗಾಳಿ, ಮರೆ, ನನ್ನದೇ ತಪ್ಪು ಅಂತ..." ಅವನ ದನಿ ಒಡೆಯಿತು. "ಥೂ."

ಅದನ್ನವನು ಅವಳಿಗೆ ಅಂದನೋ ಸುಮ್ಮನೆ ಗಾಳಿಗೆ ಅಂದನೋ. ಇಲ್ಕಾ ಅದನ್ನು ತನಗೆಂದೇ ತೆಗೆದುಕೊಂಡಳು. ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಆ ಮಾತು ಎಷ್ಟು ಅಗ್ಗವೆನಿಸಿತೆಂದರೆ ಬಾಯಿ ಮುಚ್ಚಿದಳು. ಬೆಳಗಿನಿಂದ ನೀರು ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಿರಲಿಲ್ಲ. ಅವಳು ಗೋಡೆ ಹಿಡಿದು ನಿಧಾನವಾಗಿ ಕುರ್ಚಿಯ ಮೇಲೆ ಕೂತಳು. ಕೂರುವಾಗ ಕುರ್ಚಿ ಕಿರ್ರೆಂದಿತು.

ಟೀಲೋ ತಿರುಗಿ ನೋಡಿದ. ಅವನ ಕಣ್ಣುಗಳು ಕೆಂಪಾಗಿದ್ದವು, ಶೀತಕ್ಕೋ ಬೇರೆ ಯಾತಕ್ಕೋ. ಅವಳ ಬಿಳಿಚಿದ ಮುಖವನ್ನೂ ತಣ್ಣಗೆ ಬೆವೆತ ಹಣೆಯನ್ನೂ ನೋಡುತ್ತ ತುಸು ಹೊತ್ತು ಕೂತ. ಅವನ ಮುಖದಲ್ಲಿ ಕ್ಷಮೆಯಂಥದ್ದೇನೂ ಇರಲಿಲ್ಲ. ಆಮೇಲೆ ಎದ್ದು ಹೀಟರಿನ ಮೇಲಿನ ಡಬ್ಬಿ ತೆಗೆದ. ವಾಸನೆ ಭುಗ್ಗನೆದ್ದಿತು. ರೂಢಿಬಲದಿಂದ ಕಿಟಕಿಯತ್ತ ಎರಡು ಹೆಜ್ಜೆ ಹೋದವನು, ಒಲೆಯ ಮೇಲೆ ಹರಳಿರುವುದು ನೆನಪಾಗಿ, ಕಿಟಕಿ ತೆರೆಯದೆ ತಿರುಗಿ ಬಂದ.

ಡಬ್ಬಿಯಲ್ಲಿ ಕಪ್ಪು ಬ್ರೆಡ್ಡಿನ ಎರಡು ದಪ್ಪ ಹೋಳುಗಳಿದ್ದವು, ಬೆಚ್ಚಗೆ ಮೆತ್ತಗಾದ ಬಿಳಿ ನೆಣ ಸವರಿದ್ದವು. ಟೀಲೋ ಜೇಬಿನಿಂದ ಚಾಕು ತೆಗೆದು, ಒಂದು ಹೋಳಿನ ಮೇಲಿನ ನೆಣವನ್ನು ಕೆರೆಯತೊಡಗಿದ. ಅಂಚಿನಿಂದ ಅಂಚಿಗೆ, ಅವಸರವಿಲ್ಲದೆ, ಕೆರೆದದ್ದನ್ನೆಲ್ಲ ತನ್ನ ಹೋಳಿಗೆ ಒರೆಸಿಕೊಳ್ಳುತ್ತ ಕೆರೆದ. ಆದಷ್ಟೂ ತೆಗೆದ. ಆದರೂ ಬ್ರೆಡ್ಡಿನ ತೂತುಗಳೊಳಗೆ ಇಳಿದದ್ದು ಅಲ್ಲೇ ಉಳಿಯಿತು, ತೆಳ್ಳಗೆ ಹೊಳೆಯುತ್ತ. ಅದರ ಮೇಲೆ ಅತ್ತೆ ಉದುರಿಸಿದ ದಪ್ಪ ಉಪ್ಪಿನ ಎರಡು ಮೂರು ಹರಳು, ಕರಗದೆ, ಮೇಜಿನ ದೀಪಕ್ಕೆ ಮಿನುಗುತ್ತಿದ್ದವು.

ಅವನು ಆ ಹೋಳನ್ನು ಅವಳತ್ತ ಚಾಚಿದ. ಇಲ್ಕಾ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು.